ಆಗ್ನೆಸ್ ಉಸಿರು ಕೇಳಿಸಿದ ಮಳೆಗಾಲ

ಹೋದ ತಿಂಗಳು ಮೈಸೂರಿನ ಸಂತೆಪೇಟೆಯಲ್ಲಿ ಇಂಗು ಕೊಳ್ಳಲು ನಿಂತಿದ್ದೆ. ಬೆಳಗಿನ ಮಳೆಗೆ ನೆನೆದ ಗೋಣಿತಾಟನ್ನು ಅಂಗಡಿಯವನು ಬಾಗಿಲಿನಿಂದ ಎಳೆದು ಪಕ್ಕಕ್ಕೆ ಹಾಕಿದ. ಇಂಗಿನ ಘಾಟು, ಒದ್ದೆ ಗೋಣಿಯ ಮುಗ್ಗಲು, ಒಣಮೆಣಸಿನಕಾಯಿಯ ಧೂಳು ಎಲ್ಲ ಒಟ್ಟಿಗೆ ಮೂಗಿಗೆ ಬಡಿದವು. "ಎಷ್ಟು ಕೊಡ್ಲಿ ಅಮ್ಮಾ?" ಎಂದು ಅವನು ಕೇಳುತ್ತಲೇ ಇದ್ದನಂತೆ. ನನಗೆ ಕೇಳಿಸಲಿಲ್ಲ. ಆ ಹೊತ್ತಿಗೆ ನಾನು ಚೆನ್ನೈನ ಪ್ಯಾರೀಸ್ ಕಾರ್ನರಿನ ಗಲ್ಲಿಯೊಂದರಲ್ಲಿ, ಸಗಟು ಮಸಾಲೆ ಅಂಗಡಿಯ ಮೇಲಿನ ಮಹಡಿಯಲ್ಲಿ, ಒಂದು ಮಳೆಗಾಲದ ಮಧ್ಯಾಹ್ನದಲ್ಲಿದ್ದೆ.

ಆ ಮಹಡಿಯಲ್ಲಿ ಒಂದು ತರಬೇತಿ ಕೇಂದ್ರವಿತ್ತು. ಹೊರದೇಶದ ಆಸ್ಪತ್ರೆಗಳಿಗೆ ಹೋಗಬಯಸುವ ನರ್ಸುಗಳನ್ನು ಇಂಗ್ಲಿಷ್ ಪರೀಕ್ಷೆಗೆ ತಯಾರು ಮಾಡುವ ಜಾಗ. ಓದುವುದು, ಬರೆಯುವುದು, ಮಾತಾಡುವುದು, ಕೇಳಿ ಅರ್ಥ ಮಾಡಿಕೊಳ್ಳುವುದು ಎಂದು ಪರೀಕ್ಷೆಗೆ ನಾಲ್ಕು ಭಾಗ. ನನ್ನ ಪಾಲಿಗೆ ಬಂದದ್ದು ಕೊನೆಯದು. ಅದಕ್ಕೆ ಮೊದಲು ನಾನು ಮಂಡ್ಯದ ಕಾಲೇಜೊಂದರಲ್ಲಿ ಬಹಳ ವರ್ಷ ಇಂಗ್ಲಿಷ್ ಪಾಠ ಹೇಳಿದವಳು. ಸೇರುವವರಿಲ್ಲದೆ ಬಿ.ಎ. ವಿಭಾಗ ಮುಚ್ಚಿತು, ಅದರ ಜೊತೆಗೆ ನನ್ನ ಕೆಲಸವೂ ಹೋಯಿತು. ಮದುವೆಯಾಗದವಳು, ನಲವತ್ತು ದಾಟಿದವಳು, ಮೈಸೂರಿನ ತಂಗಿಯ ಮನೆಯಲ್ಲಿ ಎಷ್ಟು ದಿನವೆಂದು ಇರಲಿ? ಗೆಳತಿಯೊಬ್ಬಳು ಈ ಕೆಲಸದ ಸುದ್ದಿ ಹೇಳಿದಾಗ ಒಂದು ವರ್ಷದ ಮಟ್ಟಿಗೆ ಒಪ್ಪಿಕೊಂಡು ಹೊರಟೆ.

ತಿರುವಲ್ಲಿಕೇಣಿಯಲ್ಲಿ ಜಾನಕಿಯಮ್ಮನವರ ಮನೆಯ ಮೇಲೆ ಒಂದು ಕೋಣೆ ಸಿಕ್ಕಿತು. ತಲೆಮಾರುಗಳಿಂದ ಮದರಾಸಿನಲ್ಲೇ ಇರುವ ಮಾಧ್ವರ ಮನೆ. ಕೆಳಗೆ ಮಗ, ಸೊಸೆ, ಮೊಮ್ಮಕ್ಕಳು ಎಂದು ತುಂಬಿದ ಸಂಸಾರ. ಕನ್ನಡದವರ ಮನೆಯೆಂದು ಸಮಾಧಾನಪಟ್ಟುಕೊಂಡು ಹೋದವಳಿಗೆ ಅವರ ಕನ್ನಡ ಹಿಡಿಯುವುದೇ ಮೊದಮೊದಲು ಕಷ್ಟವಾಯಿತು. "ಬಾಮ್ಮಾ, ಬಾ. ಮಾಡಿ ಮೇಲೆ ರೂಮು ಸುತ್ತಮಾಗಿ ಇದೆ. ನೀರು ಕಾಲೈಲೇ ಬರತ್ತೆ, ಪುಡಿಸಿ ಇಟ್ಕೋಬೇಕು" ಎಂದರು. ಮಹಡಿಯ ಮೇಲಿನ ಕೋಣೆ ಚೊಕ್ಕಟವಾಗಿದೆ, ನೀರು ಬೆಳಿಗ್ಗೆಯೇ ಬರುತ್ತದೆ, ಹಿಡಿದಿಟ್ಟುಕೊಳ್ಳಬೇಕು ಎಂದು ನನಗೆ ತಿಳಿದದ್ದು ಮಾರನೆಯ ದಿನ ನಲ್ಲಿ ಒಣಗಿದ ಮೇಲೆ. ಮೊಮ್ಮಕ್ಕಳಿಗೆ ಕನ್ನಡ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತಿತ್ತು.

ಹಗಲೆಲ್ಲ ತರಗತಿಯಲ್ಲಿ ಇಂಗ್ಲಿಷ್. ಬೀದಿಗಿಳಿದರೆ ನನಗೆ ಬಾರದ ತಮಿಳು. ಹೂವಿನವಳೂ ಪಕ್ಕದ ತರಕಾರಿಯವನೂ ಏನೋ ಹೇಳಿಕೊಂಡು ನಕ್ಕರೆ ನಾನೂ ನಕ್ಕಂತೆ ಮಾಡಿ ಬೇಗ ಮುಂದೆ ಸಾಗುತ್ತಿದ್ದೆ. ಸಂಜೆ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಬೆಳಗಿನವರೆಗೆ ನನ್ನ ದನಿ ನನಗೇ ಕೇಳಿಸುತ್ತಿರಲಿಲ್ಲ. ಅದಕ್ಕೆಂದೇ ಮೊಬೈಲಿನಲ್ಲಿ ಪಾಡ್‌ಕಾಸ್ಟ್ ಹಾಕುವ ಅಭ್ಯಾಸ ಶುರುವಾಯಿತು. ಅಕ್ಕಿ ತೊಳೆಯುವಾಗ, ಬಟ್ಟೆ ಮಡಿಸುವಾಗ ಯಾರೋ ಯಾರೊಂದಿಗೋ ಮಾತಾಡುತ್ತಿರುವುದು ಕಿವಿಗೆ ಬೀಳುತ್ತಿರಬೇಕು, ಅಷ್ಟೇ. ಒಮ್ಮೆ ಜಾನಕಿಯಮ್ಮ ಬಟ್ಟಲಲ್ಲಿ ಸಾರು ಹಿಡಿದು ಮೇಲೆ ಬಂದವರು ಹೊಸ್ತಿಲಲ್ಲೇ ನಿಂತರು.

"ಯಾರಮ್ಮಾ, ವಿರುಂದಾಳಿ ಬಂದಿದಾರಾ? ಕೆಳಗೆ ಒಂದು ವಾರ್ತೆ ಹೇಳಿದ್ರೆ ಕಾಫಿ ಮಾಡ್ಕೊಡ್ತಿದ್ದೆನಲ್ಲ."

ಅತಿಥಿಗಳು ಯಾರೂ ಇಲ್ಲ, ಮೊಬೈಲು ಎಂದೆ. ಅವರು ಖಾಲಿ ಕೋಣೆಯನ್ನೂ ನನ್ನನ್ನೂ ನೋಡಿದರು.

"ಪಾವಂ ನೀನು" ಎಂದು ಬಟ್ಟಲು ಕೊಟ್ಟು ಇಳಿದುಹೋದರು. ಪಾಪ ಎನ್ನುವ ಆ ತಮಿಳು ಮಾತು ಮಾತ್ರ ನನಗೆ ಕೂಡಲೇ ಅರ್ಥವಾಯಿತು.

ತರಗತಿಗೆ ಬರುತ್ತಿದ್ದವರೆಲ್ಲ ಹೆಂಗಸರೇ. ಬೆಳಗಿನ ಡ್ಯೂಟಿ ಮುಗಿಸಿ, ಊಟದ ಡಬ್ಬಿಯೊಂದಿಗೆ ಮಧ್ಯಾಹ್ನ ಮೆಟ್ಟಿಲು ಹತ್ತುತ್ತಿದ್ದರು. ಔಷಧಿಯ ಚೀಟಿ, ರೋಗಿಯ ಚಾರ್ಟು, ದಪ್ಪ ಪಠ್ಯಪುಸ್ತಕ ಯಾವುದನ್ನೂ ನಿರಾಳವಾಗಿ ಓದುವವರು. ಆದರೆ ಅವರು ಕಲಿತದ್ದು ಕಣ್ಣಿನ ಇಂಗ್ಲಿಷು. ಅದೇ ಮಾತು ಹೊರದೇಶದವರ ಬಾಯಿಂದ ಒಂದಕ್ಕೊಂದು ಅಂಟಿಕೊಂಡು, ಅರ್ಧ ನುಂಗಿಹೋಗಿ ಬಂದರೆ ಕಿವಿ ಕೈಬಿಡುತ್ತಿತ್ತು.

ಅವರಲ್ಲಿ ಮಲರ್ ಎಂಬವಳಿದ್ದಳು. ತಿರುವೊಟ್ಟಿಯೂರಿನವಳು. ಅಣ್ಣಂದಿರು ಮೀನು ಹಿಡಿಯಲು ಹೋಗುವವರು. ಗಂಡ ದೂರದ ಬಂದರಿನಲ್ಲಿ ದುಡಿಯಲು ಹೋದವನು ಅಲ್ಲೇ ಬೇರೆ ಸಂಸಾರ ಮಾಡಿಕೊಂಡಿದ್ದ. ಒಬ್ಬಳು ಮಗಳು, ಇನಿಯಾ, ಆಗಷ್ಟೇ ಶಾಲೆಗೆ ಸೇರಿದ್ದಳು. ಮಲರ್ ಪರೀಕ್ಷೆಯ ಉಳಿದ ಭಾಗಗಳಲ್ಲಿ ಗೆದ್ದು, ಕೇಳುವ ಭಾಗದಲ್ಲಿ ಮಾತ್ರ ಮತ್ತೆ ಮತ್ತೆ ಬಿದ್ದಿದ್ದಳು. ಮೊದಲ ದಿನ ಹಾಜರಿ ಕರೆಯುವಾಗ ನಾನು ಹೇಳಿದ ನನ್ನ ಊರಿನ ಹೆಸರು ಕೇಳಿಸಿಕೊಂಡವಳು ತರಗತಿ ಮುಗಿದ ಮೇಲೆ ಹಿಂದೆ ಉಳಿದಳು.

"ಮೇಡಂ, ನಂಗೆ ಕನ್ನಡ ಬರತ್ತೆ. ತುಮಕೂರಲ್ಲೇ ನರ್ಸಿಂಗ್ ಓದಿದ್ದು ನಾನು."

ಆ ಊರಿನಲ್ಲಿ ಅಷ್ಟು ಸಲೀಸಾದ ಕನ್ನಡ ನಾನು ಕೇಳಿಯೇ ಇರಲಿಲ್ಲ. ಮಾತು ಮುಂದುವರಿಯಲೆಂದು, ಹಾಸ್ಟೆಲಿನಲ್ಲಿ ಊಟ ಹೇಗಿತ್ತು ಎಂದು ಏನೋ ಒಂದು ಕೇಳಿದೆ.

"ಮುದ್ದೆ ಮೇಡಂ. ಮೊದ್ಲು ಅಗಿದುಬಿಟ್ಟೆ. ಎಲ್ಲಾರೂ ನಕ್ಕರು. ಆಮೇಲೆ ನುಂಗೋದು ಕಲಿತೆ."

ಅಂದಿನಿಂದ ತರಗತಿ ಮುಗಿದ ಮೇಲೆ ಮಣ್ಣಡಿಯ ಮೆಟ್ರೊ ಸ್ಟೇಷನ್ನಿನವರೆಗೆ ಇಬ್ಬರೂ ಕನ್ನಡ ಮಾತಾಡಿಕೊಂಡು ನಡೆಯುತ್ತಿದ್ದೆವು. ಅವಳು ಮೆಟ್ಟಿಲಿಳಿದು ಹೋದ ಮೇಲೆ ನಾನು ಬಸ್ಸಿಗೆ ತಿರುಗುತ್ತಿದ್ದೆ. ನನ್ನ ದಿನದಲ್ಲಿ ಮಾತು ಅನ್ನಿಸಿಕೊಳ್ಳುವ ಮಾತು ಅಷ್ಟೇ ಇದ್ದದ್ದು.

ಪರೀಕ್ಷೆಯ ಮಾದರಿ ಧ್ವನಿಗಳನ್ನೇ ತಿರುಗಾಮುರುಗಾ ಕೇಳಿಸಿ ಉಪಯೋಗವಿಲ್ಲವೆಂದು ನನಗೆ ಬೇಗ ಗೊತ್ತಾಯಿತು. ಕಿವಿ ಪಳಗಬೇಕಾದರೆ ದಿನವೂ, ಬಗೆಬಗೆಯ ದನಿಗಳನ್ನು, ಪರೀಕ್ಷೆಯ ಹೆದರಿಕೆಯಿಲ್ಲದೆ ಕೇಳಬೇಕು. ಪ್ರಸಿದ್ಧವಾದ ಕೆಲವು ಪಾಡ್‌ಕಾಸ್ಟ್‌ಗಳನ್ನು ಆರಿಸಿ, ಮೊಬೈಲಿಗೆ ಇಳಿಸಿಕೊಂಡು ಬಸ್ಸಿನಲ್ಲೂ ಮೆಟ್ರೊದಲ್ಲೂ ಕೇಳಿ ಎಂದೆ. ಮೊದಲ ಸಲ ಜೊತೆಗೆ ಬರುವ ಬರಹ ನೋಡಬೇಡಿ, ಪ್ರತಿ ಪದವನ್ನೂ ಹಿಡಿಯಲು ಹೋಗಬೇಡಿ, ಯಾರು ಯಾರಿಗೆ ಏನು ಹೇಳುತ್ತಿದ್ದಾರೆ ಎಂದಷ್ಟೇ ನೋಡಿ. ಎರಡನೆಯ ಸಲ ವಿವರಕ್ಕೆ ಕಿವಿ ಕೊಡಿ. ಆಮೇಲೆ ಅವರ ಹಿಂದೆಯೇ ಮೆಲ್ಲಗೆ ಹೇಳಿ ನೋಡಿ ಎಂದು ವಿವರಿಸಿದೆ.

ವಾರ ಕಳೆದು ಬಂದಾಗ ಎಲ್ಲರ ಮುಖವೂ ಬಾಡಿತ್ತು. ಷೀಬಾ ಎಂಬ ನಾಗರಕೋಯಿಲಿನ ಹಿರಿಯ ನರ್ಸು, ಐ.ಸಿ.ಯು.ನಲ್ಲಿ ಬಹಳ ಕಾಲದಿಂದ ಇರುವಾಕೆ, ವೇಗ ತಗ್ಗಿಸಿ ಕೇಳಿದರೆ ಅವರೆಲ್ಲ ಕುಡಿದವರ ಹಾಗೆ ಮಾತಾಡುತ್ತಾರೆ ಎಂದು ದೂರಿದಳು. ಸ್ಟೇಷನ್ನಿಗೆ ನಡೆಯುವಾಗ ಮಲರ್ ಹೇಳಿದ್ದು ಇನ್ನೂ ನೆನಪಿದೆ.

"ಪದ ಗೊತ್ತಾಗದೇ ಇದ್ರೆ ಪರವಾಗಿಲ್ಲ ಮೇಡಂ. ಅವ್ರು ಇಬ್ರೂ ಇದ್ದಕ್ಕಿದ್ದಂಗೆ ನಗ್ತಾರೆ. ಯಾಕೆ ನಗ್ತಾರೆ ಅಂತ ಗೊತ್ತಾಗಲ್ಲ. ಆವಾಗ ನಂಗೆ ಕಿತ್ತು ಬಿಸಾಕಬೇಕು ಅನ್ಸತ್ತೆ ಇಯರ್‌ಫೋನು. ಅವ್ರ ಮನೇಲಿ ನಾನು ಬಾಗಿಲ ಹೊರಗೆ ನಿಂತಂಗೆ."

ನನಗೆ ಹೂವಿನವಳೂ ತರಕಾರಿಯವನೂ ನೆನಪಾದರು.

ಆಗ್ನೆಸ್ ನನಗೆ ಸಿಕ್ಕಿದ್ದು ಆ ವಾರದಲ್ಲೇ. ಹುಡುಕುತ್ತಾ ಹುಡುಕುತ್ತಾ ಎಲ್ಲೋ ತಳದಲ್ಲಿದ್ದ ಒಂದು ಪಾಡ್‌ಕಾಸ್ಟ್. ಸ್ಕಾಟ್ಲೆಂಡಿನ ಉತ್ತರದ ಕಡಲತಡಿಯ ಸಣ್ಣ ಊರಿನ ವಿಧವೆ, ವಾರಕ್ಕೊಂದು ಸಲ ಅಡಿಗೆಮನೆಯ ಮೇಜಿನೆದುರು ಕುಳಿತು ಒಬ್ಬಳೇ ಮಾತಾಡುತ್ತಿದ್ದಳು. ಸಂಗೀತವಿಲ್ಲ, ಅತಿಥಿಗಳಿಲ್ಲ. ಪಕ್ಕದ ಮನೆಯವನ ನಾಯಿ, ದೋಣಿಗಳು ಕಡಿಮೆಯಾಗಿರುವುದು, ಗಾಳಿಗೆ ಹಾರಿಹೋದ ಒಗೆದ ಬಟ್ಟೆ, ಇವೇ ಸುದ್ದಿ. ನಡುವೆ ಕೆಟಲ್ ಕೂಗಿದರೆ ಎದ್ದುಹೋಗಿ ಬರುತ್ತಿದ್ದಳು. ಅವಳ ಉಚ್ಚಾರಣೆ ಗಡುಸಾಗಿತ್ತು, ಆದರೆ ಯಾವುದಕ್ಕೂ ಅವಸರವಿರಲಿಲ್ಲ. ಕೊನೆಯಲ್ಲಿ ಪ್ರತಿಸಲವೂ ತನ್ನ ಈಮೇಲ್ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಹೇಳಿ, ಯಾರಾದರೂ ಕೇಳುತ್ತಿದ್ದರೆ ಒಂದು ಸಾಲು ಬರೆಯಿರಿ ಎನ್ನುತ್ತಿದ್ದಳು.

ನಾನು ಅದನ್ನು ತರಗತಿಯಲ್ಲಿ ಹಾಕಿದೆ. ಬಟ್ಟೆ ಹಾರಿಹೋದ ಕಥೆ. ಮುಗಿದಾಗ ಹಿಂದಿನ ಬೆಂಚಿನಿಂದ ಯಾರೋ, "ಪಾಟಿ ಪಾವಂ" ಎಂದರು. ಪಾಟಿ ಅಂದರೆ ಅಜ್ಜಿ. ಆವತ್ತಿನಿಂದ ಆಕೆ ಎಲ್ಲರಿಗೂ ಆಗ್ನೆಸ್ ಪಾಟಿಯಾದಳು. ಮೊದಲು ಅವಳ ಹಳೆಯ ಮಾತುಗಳನ್ನೆಲ್ಲ ಕೇಳಿದೆವು, ಆಮೇಲೆ ವಾರವಾರದ ಹೊಸದಕ್ಕೆ ಕಾಯತೊಡಗಿದೆವು. ವಿಳಾಸದ ಅಕ್ಷರಗಳನ್ನು ಬರೆದುಕೊಳ್ಳುವುದೇ ಒಂದು ಅಭ್ಯಾಸವಾಯಿತು. ಪಕ್ಕದ ಮನೆಯ ನಾಯಿ ಸತ್ತ ವಾರ ಷೀಬಾ ತರಗತಿಗೆ ಬಂದವಳೇ, "ಮೇಡಂ, ಡಾಗ್ ಎಕ್ಸ್‌ಪೈರ್ಡ್" ಎಂದಳು. ಇಂಗ್ಲಿಷಿನಲ್ಲಿ ನಾಯಿಗೆ ಹಾಗೆ ಹೇಳುವುದಿಲ್ಲ ಎಂದು ತಿದ್ದುವ ಮನಸ್ಸು ನನಗೂ ಆಗಲಿಲ್ಲ.

ನನ್ನ ಕೋಣೆಯಲ್ಲೂ ಈಗ ಅದೇ ದನಿ. ಒಬ್ಬಳೇ ಊಟಕ್ಕೆ ಕುಳಿತಾಗ ಆಗ್ನೆಸ್ ತನ್ನ ಮೇಜಿನ ಬಳಿ ಕುಳಿತಿರುತ್ತಿದ್ದಳು. ಆಕೆ ಇಂಥದ್ದು ಆಯಿತು ಎಂದರೆ ನಾನು, "ಹೌದಾ?" ಎನ್ನುತ್ತಿದ್ದೆ. ಹಾಗೆ ಕನ್ನಡದಲ್ಲಿ ಹೂಂಗುಟ್ಟುತ್ತಿರುವುದು ಎಷ್ಟೋ ಹೊತ್ತಿನ ಮೇಲೆ ನನ್ನ ಗಮನಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ಮಳೆ ಹಿಡಿಯಿತು. ನಮ್ಮೂರಲ್ಲಿ ದೀಪಾವಳಿಯ ಹೊತ್ತಿಗೆ ಮಳೆ ಹಿಂದಾದರೆ ಅಲ್ಲಿ ಶುರುವಾಗುವುದೇ ಆಗ. ಕಡಲಿನ ಕಡೆಯಿಂದ ಮೋಡ ಬಂದು ಇಡೀ ದಿನ ಒಂದೇ ಸಮನೆ ಸುರಿಯಿತು. ಪ್ಯಾರೀಸ್ ಕಾರ್ನರಿನ ಗಲ್ಲಿಗಳಲ್ಲಿ ಮೊಣಕಾಲುದ್ದ ಕಪ್ಪು ನೀರು. ಮಸಾಲೆ ಅಂಗಡಿಯವರು ಮೂಟೆಗಳನ್ನು ನಮ್ಮ ಮೆಟ್ಟಿಲ ಮೇಲೆ ತಂದು ಪೇರಿಸಿದರು. ಮೆಟ್ಟಿಲುಗಳಲ್ಲಿ ಓಡಾಡಲು ಒಬ್ಬರಷ್ಟೇ ಜಾಗ. ಕೊನೆಗೆ ತರಗತಿಯನ್ನೇ ನಿಲ್ಲಿಸಬೇಕಾಯಿತು. ನಾನು ಕೋಣೆಯಲ್ಲಿ ಸಿಕ್ಕಿಕೊಂಡೆ. ಕರೆಂಟು ಹೋಗಿ ಬಂದು ಮಾಡುತ್ತಿತ್ತು. ತಂಗಿಗೆ ಫೋನ್ ಮಾಡಿದರೆ ಅವಳು ಮಕ್ಕಳ ಗಲಾಟೆಯ ನಡುವೆ, "ಅಕ್ಕಾ, ಆಮೇಲೆ ಮಾಡ್ತೀನಿ ಕಣೇ" ಎಂದು ಇಟ್ಟಳು. ಅವಳ ಆ ‘ಆಮೇಲೆ’ ಬರಲೇ ಇಲ್ಲ.

ಆ ದಿನಗಳಲ್ಲಿ ಒಂದು ಬೆಳಿಗ್ಗೆ ಮಲರ್ ಕರೆ ಮಾಡಿದಳು.

"ಮೇಡಂ, ಪಾಟಿದು ಹೊಸ್ದು ಬಂದಿದೆ. ಕೇಳಿದ್ರಾ?"

"ಕೇಳ್ದೆ. ಕುರ್ಚಿ ವಿಷಯ ತಾನೆ?" ಆಗ್ನೆಸ್ ಆ ವಾರ ತನ್ನ ಗಂಡನ ಹಳೆಯ ಒರಗುಕುರ್ಚಿಯ ಬಗ್ಗೆ ಮಾತಾಡಿದ್ದಳು. ಈಗ ಹಾಸಿಗೆಗಿಂತ ಅದರಲ್ಲೇ ಚೆನ್ನಾಗಿ ನಿದ್ದೆ ಬರುತ್ತದೆ, ಅವನ ತೋಳಲ್ಲಿ ಮಲಗಿದ ಹಾಗೆ ಎಂದಿದ್ದಳು. ನನಗೆ ಅದು ಬಹಳ ಹಿಡಿಸಿತ್ತು.

"ಅದೇ ಮೇಡಂ. ಅವ್ರು ಕುರ್ಚಿಯಲ್ಲಿ ಯಾಕೆ ಮಲಗ್ತಿದಾರೆ?"

"ಗಂಡನ ನೆನಪು ಮಲರ್."

"ಅಲ್ಲ ಮೇಡಂ. ಅಡ್ಡ ಮಲಗಿದ್ರೆ ಅವ್ರಿಗೆ ಉಸಿರು ಬರ್ತಿಲ್ಲ. ನೀವು ಬನ್ನಿ ಇಲ್ಲಿ. ಮೆಟ್ರೊ ಓಡ್ತಿದೆ."

ಹೋದೆ. ತಿರುವೊಟ್ಟಿಯೂರಿನಲ್ಲಿ ಇಳಿದು ಕಡಲಿನ ಕಡೆಗೆ ನಡೆದರೆ ಅವಳ ಮನೆ. ದೋಣಿಗಳನ್ನೆಲ್ಲ ದಡದ ಮೇಲಕ್ಕೆ ಎಳೆದಿದ್ದರು. ಅವಳ ಅಮ್ಮ ನನಗೊಂದು ಟವೆಲು ಕೊಟ್ಟು ಒಲೆಯ ಬಳಿ ಕೂರಿಸಿದರು. ಷೀಬಾ ಅಲ್ಲೇ ಹತ್ತಿರದ ಹಾಸ್ಟೆಲಿನಲ್ಲಿದ್ದವಳು ಆಗಲೇ ಬಂದಿದ್ದಳು. ಮಲರ್ ಮೊಬೈಲನ್ನು ಪಾತ್ರೆಯೊಂದಕ್ಕೆ ಒರಗಿಸಿ ಆಗ್ನೆಸ್ ಮಾತನ್ನು ಹಾಕಿದಳು. ಮಳೆಯ ಸದ್ದಿನ ನಡುವೆ ಮೂವರೂ ತಲೆ ಬಗ್ಗಿಸಿ ಕುಳಿತೆವು.

"ಈಗ ಪದ ಬಿಟ್ಬಿಡಿ ಮೇಡಂ. ಎಲ್ಲಿ ನಿಲ್ಲಿಸ್ತಾರೆ ಅಂತ ಕೇಳಿ."

ಕೇಳಿದೆ. ವಾಕ್ಯ ಮುಗಿದಾಗ ನಿಲ್ಲಬೇಕಾದವಳು ವಾಕ್ಯದ ನಡುವೆ ನಿಲ್ಲುತ್ತಿದ್ದಳು. ಒಂದು ಎಳೆತ, ಅದರ ತುದಿಯಲ್ಲಿ ಸಣ್ಣ ಶಿಳ್ಳೆಯಂಥ ಸದ್ದು, ಮತ್ತೆ ಮಾತು. ಮಲರ್ ಹಿಂದಿನ ವಾರಗಳ ತುಣುಕುಗಳನ್ನು ಒಂದಾದಮೇಲೊಂದು ಹಾಕಿದಳು. ಸಂಜೆಯಾದರೆ ಚಪ್ಪಲಿ ಬಿಗಿಯಾಗುತ್ತದೆ ಎಂದು ಆಗ್ನೆಸ್ ನಗುತ್ತಾ ಹೇಳಿದ್ದು. ಬಿಸ್ಕತ್ತು ತಿಂದು ದಪ್ಪಗಾಗಿದ್ದೇನೆ ಎಂದದ್ದು. ಮಲಗಿದರೆ ಕೆಮ್ಮು ಎಂದದ್ದು. ಬೇಸಿಗೆಯ ಹಳೆಯ ಮಾತನ್ನೂ ಹಾಕಿದಳು. ಅದರಲ್ಲಿ ಉದ್ದುದ್ದ ವಾಕ್ಯಗಳು ಒಂದೇ ಉಸಿರಿನಲ್ಲಿ ಹರಿಯುತ್ತಿದ್ದವು.

"ಹಾರ್ಟು ಮೇಡಂ. ಕಾಲಲ್ಲೂ ಶ್ವಾಸಕೋಶದಲ್ಲೂ ನೀರು ಸೇರ್ತಿದೆ ಅನ್ಸತ್ತೆ ನಂಗೆ."

ಷೀಬಾ ಒಪ್ಪಲಿಲ್ಲ. ಆಸ್ತಮಾ ಇರಬಹುದು, ಬರೀ ವಯಸ್ಸೇ ಇರಬಹುದು ಎಂದು ತಮಿಳಿನಲ್ಲಿ ವಾದಿಸಿದಳು, ಮಲರ್ ನನಗೆ ಕನ್ನಡದಲ್ಲಿ ತಿಳಿಸುತ್ತಾ ಹೋದಳು. ನೋಡದೆ, ಮುಟ್ಟದೆ, ದನಿ ಕೇಳಿ ಹೇಳಲು ನಾವೇನು ದೇವರೇ? ಮಲರ್ ಸೋಲಲಿಲ್ಲ. ಇಬ್ಬರೂ ಮತ್ತೆ ಮತ್ತೆ ಹಿಂದಕ್ಕೆ ಹೋಗಿ, ಒಂದೊಂದು ಮಾತನ್ನೂ ಕೇಳಿ, ಆಕೆ ಹೀಗೆಂದಳು, ಇಲ್ಲ ಹಾಗೆಂದಳು ಎಂದು ಜಗಳವಾಡಿದರು. ನಾನು ನೋಡುತ್ತಾ ಕುಳಿತೆ. ಒಂದು ಪದ ತಪ್ಪಿದರೆ ಅಲ್ಲೇ ಕಲ್ಲಾಗಿ ನಿಂತುಬಿಡುತ್ತಿದ್ದ ಮಲರ್, ಆ ಗಡುಸು ಉಚ್ಚಾರಣೆಯ ಒಳಗೆ ತನ್ನ ವಾರ್ಡಿನಲ್ಲಿ ಓಡಾಡುವಂತೆ ಓಡಾಡುತ್ತಿದ್ದಳು. ಅದು ಇಂಗ್ಲಿಷ್ ಎನ್ನುವುದೇ ಅವಳಿಗೆ ಮರೆತಿತ್ತು.

ಕೊನೆಗೆ ಷೀಬಾಳೇ ನಿಟ್ಟುಸಿರಿಟ್ಟು, ಡಾಕ್ಟರಿಗೆ ತೋರಿಸಿ ಎಂದು ಹೇಳುವುದರಲ್ಲಿ ತಪ್ಪಿಲ್ಲ ಎಂದಳು. ಅಲ್ಲೇ ಕುಳಿತು ಈಮೇಲ್ ಬರೆದೆವು. ರೋಗದ ಹೆಸರು ಹಾಕಬೇಡ ಎಂದು ಷೀಬಾ, ಹಾಕದಿದ್ದರೆ ಪಾಟಿ ಅಲಕ್ಷ್ಯ ಮಾಡುತ್ತಾರೆ ಎಂದು ಮಲರ್. ನಾವು ಚೆನ್ನೈನ ನರ್ಸುಗಳು, ನಿಮ್ಮ ಮಾತಿನಿಂದ ಇಂಗ್ಲಿಷ್ ಕೇಳಲು ಕಲಿಯುತ್ತಿದ್ದೇವೆ, ನಿಮ್ಮ ಉಸಿರು ಮೊದಲಿನಂತಿಲ್ಲ, ಕುರ್ಚಿಯಲ್ಲಿ ಮಲಗುವುದನ್ನೂ ಕಾಲು ಊದುವುದನ್ನೂ ದಯವಿಟ್ಟು ಈ ವಾರವೇ ಡಾಕ್ಟರಿಗೆ ಹೇಳಿ ಎಂದು ಬರೆದು, ಕೆಳಗೆ ಎಲ್ಲರ ಹೆಸರೂ ಹಾಕಿದರು. ನಾನು ಕಾಗುಣಿತವನ್ನಷ್ಟೇ ತಿದ್ದಿದೆ.

ಉತ್ತರ ಬರಲಿಲ್ಲ. ಮುಂದಿನ ವಾರದ ಮಾತೂ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ನೀರು ಇಳಿದು ತರಗತಿ ಮತ್ತೆ ಶುರುವಾದಾಗ ಎಲ್ಲರೂ ಮೊದಲು ಕೇಳುತ್ತಿದ್ದದ್ದು ಅದನ್ನೇ. ನಾನು ಇಲ್ಲವೆಂದು ತಲೆಯಾಡಿಸುತ್ತಿದ್ದೆ. ಬೇರೆ ಪಾಡ್‌ಕಾಸ್ಟ್ ಹಾಕಿದೆ. ಕೇಳಿದರು, ಉತ್ತರ ಬರೆದರು, ಹಿಂದಿನ ಹುರುಪು ಇರಲಿಲ್ಲ. ಕೋಣೆಯಲ್ಲಿ ನಾನು ಆಗ್ನೆಸ್‌ಳ ಹಳೆಯ ಮಾತು ಹಾಕಲು ಹೋಗಿ ಕೈ ಹಿಂದೆಗೆದೆ. ಇಲ್ಲದವಳ ದನಿ ಕೇಳುತ್ತಿದ್ದೇನೇನೋ ಎಂಬ ಅಳುಕು. ಅಲ್ಲಿಯವರು ಮಾರ್ಗಳಿ ಎನ್ನುವ ಧನುರ್ಮಾಸ ಬಂದು ಜಾನಕಿಯಮ್ಮ ಮುಂಜಾನೆಯೇ ಬಾಗಿಲಿಗೆ ರಂಗೋಲಿ ಹಾಕುತ್ತಿದ್ದರು. ನಾನು ಮೇಲಿನಿಂದ ನೋಡುತ್ತಾ ನಿಲ್ಲುತ್ತಿದ್ದೆ. ಕೋಣೆ ಇಷ್ಟೊಂದು ನಿಶ್ಶಬ್ದವಾಗಿದ್ದದ್ದು ಅಷ್ಟೂ ತಿಂಗಳಲ್ಲಿ ಅದೇ ಮೊದಲು.

ಮಲರ್ ಪರೀಕ್ಷೆ ಬರೆದು ಬಂದಳು. ಹೇಗಾಯಿತು ಎಂದು ಕೇಳಿದ್ದಕ್ಕೆ, "ಒಂದು ಕಡೆ ಪದ ಬಿಟ್ಟುಹೋಯ್ತು ಮೇಡಂ. ಹೋಗಲಿ ಅಂತ ಮುಂದಕ್ಕೆ ಹೋದೆ" ಎಂದಳು. ಅಷ್ಟು ಸಾಕಾಗಿತ್ತು ನನಗೆ. ಫಲಿತಾಂಶ ಪೊಂಗಲ್ ಕಳೆದು ಬಂತು. ಅವಳೂ ಷೀಬಾಳೂ ಇಬ್ಬರೂ ಪಾಸಾಗಿದ್ದರು.

ಸಿಹಿ ಹಂಚಲು ಇಬ್ಬರೂ ಕೇಂದ್ರಕ್ಕೆ ಬಂದಿದ್ದ ದಿನ ನನ್ನ ಮೊಬೈಲಿನಲ್ಲಿ ಆಗ್ನೆಸ್ ಹೆಸರು ಕಾಣಿಸಿತು. ಹೊಸ ಮಾತು. ಮಗಳೋ ನೆರೆಯವರೋ ಸಾವಿನ ಸುದ್ದಿ ಹೇಳಲು ಹಾಕಿರಬಹುದೆಂದೇ ನನ್ನ ಭಯ. ಮಲರ್ ಮೊಬೈಲು ತೆಗೆದುಕೊಂಡು ತಾನೇ ಒತ್ತಿದಳು.

ಆಗ್ನೆಸ್‌ಳದೇ ದನಿ. ಸಣ್ಣಗಾಗಿತ್ತು, ಆದರೆ ವಾಕ್ಯಗಳು ಮುರಿಯುತ್ತಿರಲಿಲ್ಲ. ಬಹಳ ದಿನ ಆಸ್ಪತ್ರೆಯಲ್ಲಿದ್ದೆ ಎಂದಳು. ಹೃದಯ ಸೋತಿತ್ತಂತೆ, ಮೈಯಲ್ಲಿ ನೀರು ತುಂಬಿತ್ತಂತೆ. ಮದರಾಸಿನಿಂದ ಕೆಲವು ನರ್ಸುಗಳು ಬರೆದಿದ್ದರು, ಕೇಳದೆ ಬುದ್ಧಿ ಹೇಳುತ್ತಾರಲ್ಲ ಎಂದು ಕೋಪ ಬಂತು, ಆದರೂ ಡಾಕ್ಟರ ಬಳಿ ಹೋದೆ ಎಂದು ಮುಂದುವರಿಸಿದಳು. ಯಾರು ಕಳಿಸಿದ್ದು ಎಂದು ಡಾಕ್ಟರು ಕೇಳಿದರು. ಇಂಡಿಯಾದ ನರ್ಸುಗಳು ನನ್ನ ದನಿ ಕೇಳಿ ಕಳಿಸಿದ್ದಾರೆ ಎಂದೆ. ಎದೆ ಪರೀಕ್ಷಿಸುವುದನ್ನು ಬಿಟ್ಟು ಆತ ನನ್ನ ತಲೆ ಪರೀಕ್ಷಿಸಲು ಹೊರಟ.

ಮಲರ್ ಜೋರಾಗಿ ನಕ್ಕಳು. ಆಗ್ನೆಸ್ ನಗುವ ಮೊದಲೇ ನಕ್ಕಳು. ತಲೆ ಪರೀಕ್ಷಿಸುವ ಆ ಕೊನೆಯ ಮಾತು ನನಗೆ ಆಗ್ನೆಸ್‌ಳ ಕೆಮ್ಮಿನ ನಡುವೆ ಸರಿಯಾಗಿ ಸಿಕ್ಕಿರಲಿಲ್ಲ. "ಏನಂದ್ರು?" ಎಂದು ನಾನು ಕೇಳಿದೆ. ಅವಳು ನಗುತ್ತಲೇ ನನಗೆ ಕನ್ನಡದಲ್ಲಿ ಹೇಳಿದಳು. ಆಮೇಲೆ ಆಗ್ನೆಸ್ ಒಂದೊಂದಾಗಿ ಎಲ್ಲರ ಹೆಸರನ್ನೂ ತಪ್ಪುತಪ್ಪಾಗಿ ಓದಿದಳು. ಷೀಬಾ ಕೆನ್ನೆ ಒರೆಸಿಕೊಂಡಳು.

ಮಲರ್ ಬೇಸಿಗೆಯಲ್ಲಿ ಹೊರಟಳು. ಅವಳಿಗೆ ಕೆಲಸ ಸಿಕ್ಕಿದ್ದು ಇಂಗ್ಲೆಂಡಿನ ಒಂದು ಊರಿನಲ್ಲಿ. ಇನಿಯಾ ಅಜ್ಜಿಯ ಬಳಿ ಉಳಿದಳು, ವರ್ಷ ಕಳೆದ ಮೇಲೆ ಕರೆಸಿಕೊಳ್ಳುವುದೆಂದು. ವಿಮಾನ ನಿಲ್ದಾಣದ ಬಾಗಿಲಲ್ಲಿ ಮಲರ್ ಮಗಳನ್ನು ಅಜ್ಜಿಯ ಕೈಗೆ ಕೊಟ್ಟು ತಿರುಗಿ ನೋಡದೆ ಒಳಗೆ ನಡೆದಳು. ನಾನೊಬ್ಬಳೇ ಬಸ್ಸಿನಲ್ಲಿ ತಿರುವಲ್ಲಿಕೇಣಿಗೆ ಬಂದೆ. ಹೊಸ ತಂಡ ಸೇರಿತು, ಅದರಲ್ಲಿ ಕನ್ನಡ ಬಲ್ಲವರಿರಲಿಲ್ಲ. ಮಣ್ಣಡಿಯ ಕಡೆಗೆ ನಡೆಯುವ ಕಾರಣವೂ ಉಳಿಯಲಿಲ್ಲ. ಕೇಂದ್ರದ ಎದುರಿಗೇ ಬಸ್ಸು ಹತ್ತಿಬಿಡುತ್ತಿದ್ದೆ.

ನನ್ನ ಒಂದು ವರ್ಷ ಮುಗಿಯುತ್ತಾ ಬಂದಿತ್ತು. ಒಂದು ಭಾನುವಾರ ಸಂಜೆ ಸಾಮಾನು ಕಟ್ಟುತ್ತಿದ್ದಾಗ ಮಲರ್ ಕರೆ ಮಾಡಿದಳು. ಕೆಲಸ ಹೇಗಿದೆ, ಮಾತು ಅರ್ಥವಾಗುತ್ತದಾ ಎಂದು ಮೇಷ್ಟರಂತೆಯೇ ಕೇಳಿದೆ.

"ಎಲ್ಲಾ ಅರ್ಥ ಆಗತ್ತೆ ಮೇಡಂ. ಪೇಷಂಟು, ಡಾಕ್ಟರು, ಬಸ್ಸಲ್ಲಿ ಪಕ್ಕದವ್ರು ಫೋನಲ್ಲಿ ಜಗಳ ಆಡೋದು, ಎಲ್ಲಾನೂ. ಒಂದು ಮಾತೂ ಬಿಟ್ಟುಹೋಗಲ್ಲ." ಆಮೇಲೆ ದನಿ ತಗ್ಗಿಸಿದಳು. "ಆದ್ರೆ ನನ್ ಹತ್ರ ಯಾರೂ ಮಾತಾಡಲ್ಲ ಮೇಡಂ. ಡ್ಯೂಟಿ ಮುಗಿದ್ರೆ ರೂಮು. ಅಷ್ಟೊತ್ತಿಗೆ ಅಲ್ಲಿ ಇನಿಯಾ ಮಲಗಿರ್ತಾಳೆ, ಅಮ್ಮಂಗೆ ಫೋನ್ ಮಾಡಿದ್ರೆ ಅಳ್ತಾರೆ."

ಊಟ ಆಯ್ತಾ ಎಂದೆ.

"ಆಯ್ತು. ಮೇಡಂ, ನೀವು ಏನಾದ್ರೂ ಮಾತಾಡಿ. ಏನಾದ್ರೂ ಸರಿ. ನಾನು ಸುಮ್ನೆ ಕೇಳ್ತೀನಿ."

ನಾನು ಕಿಟಕಿಯ ಬಳಿ ಹೋಗಿ ಕುಳಿತೆ. ಕೆಳಗೆ ಬೀದಿಯಲ್ಲಿ ಎಳನೀರಿನವನು ಗಾಡಿ ತಳ್ಳಿಕೊಂಡು ಹೋಗುತ್ತಿದ್ದ, ಜಾನಕಿಯಮ್ಮ ಸೊಸೆಯನ್ನು ಏನಕ್ಕೋ ಕೂಗುತ್ತಿದ್ದರು. ಅದನ್ನೇ ಹೇಳತೊಡಗಿದೆ. ಬೆಳಿಗ್ಗೆ ನೀರು ತಡವಾಗಿ ಬಂದದ್ದು, ಮಧ್ಯಾಹ್ನದ ಹುಳಿಗೆ ಉಪ್ಪು ಜಾಸ್ತಿಯಾದದ್ದು, ಮೈಸೂರಿಗೆ ಹೋದಮೇಲೆ ಎಲ್ಲಿ ಇರುವುದು ಎಂದು ಇನ್ನೂ ಗೊತ್ತಿಲ್ಲದಿರುವುದು. ಆ ಕಡೆಯಿಂದ ಅವಳು ಹೂಂ ಎನ್ನುತ್ತಿದ್ದಳು. ಕತ್ತಲಾಗುತ್ತಾ ಬಂತು. ದೀಪ ಹಾಕಲು ಏಳಲಿಲ್ಲ. ಎದ್ದರೆ ಮಾತು ಮುಗಿಯಿತೆಂದು ಅವಳು ಫೋನ್ ಇಟ್ಟುಬಿಡುತ್ತಾಳೇನೋ ಎಂದು ಹೆದರಿ, ಹೇಳಿದ್ದನ್ನೇ ಇನ್ನೊಮ್ಮೆ ಹೇಳುತ್ತಾ ಕುಳಿತೆ.